ಅಮಾವಾಸ್ಯೆಯ ದಿನ ಬಡಿದ ಕಲ್ಲು

ರಾಣೆಬೆನ್ನೂರಿನ ನಮ್ಮ ಅಂಗಡಿಯ ಚಾವಣಿಯಲ್ಲಿ ಒಂದು ತೇಪೆ ಇದೆ. ಊಟದ ತಾಟಿನಷ್ಟು ಅಗಲ, ನಾಲ್ಕೂ ಮೂಲೆಗೆ ರಿವಿಟ್ ಹೊಡೆದದ್ದು. ಚಾವಣಿಯ ಪತ್ರಾಸು ಇಷ್ಟು ವರ್ಷಗಳಲ್ಲಿ ಎರಡು ಸಲ ಬದಲಾಯಿತು. ತೇಪೆ ಇರುವ ಆ ಒಂದು ಹಾಳೆಗೆ ಮಾತ್ರ ಅಪ್ಪ ಯಾರನ್ನೂ ಕೈ ಹಚ್ಚಗೊಡಲಿಲ್ಲ. ನಾನು ಹುಟ್ಟುವ ಮುಂಚೆ ಒಂದು ಬೆಳಿಗ್ಗೆ ಅಲ್ಲಿಂದ ಕಲ್ಲಿನ ಒಂದು ಚೂರು ಹೊರಗೆ ಹೋಗಿತ್ತು. ಇನ್ನೊಂದು ಚೂರು ದೊಡ್ಡಪ್ಪನ ಎದೆಗೆ ಬಂದಿತ್ತು.

ಕಲ್ಲು ಎಂದರೆ ಗ್ರೈಂಡಿಂಗ್ ಮಷಿನಿನ ಚಕ್ರ. ಪುಸ್ತಕದಲ್ಲಿ ಅದಕ್ಕೆ ದೊಡ್ಡ ದೊಡ್ಡ ಹೆಸರಿವೆ, ನಮ್ಮ ಅಂಗಡಿಯಲ್ಲಿ ಕಲ್ಲು ಅಷ್ಟೇ. ಗಟ್ಟಿ ಹರಳಿನ ಪುಡಿಯನ್ನು ಅಂಟು ಹಾಕಿ ಸುಟ್ಟು ಮಾಡಿದ, ಬಂಡಿಯ ಗಾಲಿಯಂಥ ವಸ್ತು. ಅದು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗಿ ಉಕ್ಕಿನ ಶಾಫ್ಟನ್ನು ಕೂದಲಿಗಿಂತ ತೆಳುವಾಗಿ ಹೆರೆಯುತ್ತದೆ. ಒಳಗೆ ಒಂದು ಸಣ್ಣ ಸೀಳಿದ್ದರೆ, ನಿಂತಾಗ ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ತಿರುಗಿದಾಗ ಒಡೆಯುತ್ತದೆ. ಒಡೆದರೆ ಚೂರು ಯಾರ ಕಡೆ ಹೋಗಬೇಕೆಂದು ಕೇಳಿಕೊಂಡು ಹೋಗುವುದಿಲ್ಲ.

ಆದ್ದರಿಂದ ಹೊಸ ಕಲ್ಲನ್ನು ಮಷಿನಿಗೆ ಏರಿಸುವ ಮುಂಚೆ ಬಡಿದು ನೋಡಬೇಕು. ನಡುವಿನ ತೂತಿಗೆ ಒಂದು ಸರಳು ತೂರಿಸಿ ನೇತುಹಾಕಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ, ಗಟ್ಟಿ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ. ಸೀಳು ಕಲ್ಲು ಒಡಕು ಗಡಿಗೆಯಂತೆ ಬದ್ ಎನ್ನುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರಿಗೆಲ್ಲ ಗೊತ್ತಿರುವ ವಿದ್ಯೆ ಇದು. ಆ ದಿನ ದೊಡ್ಡಪ್ಪ ಅವಸರದಲ್ಲಿದ್ದ. ಹುಬ್ಬಳ್ಳಿಯಿಂದ ಬಸ್ಸಿನ ಟಾಪಿನ ಮೇಲೆ ಬಂದ ಕಲ್ಲನ್ನು ಬಡಿಯದೆ ಏರಿಸಿದ. ಅಪ್ಪ ಎರಡು ಮಾರು ಆಚೆ ನಿಂತಿದ್ದ.

ಆಮೇಲೆ ಅಪ್ಪ ಅಂಗಡಿಗೆ ಒಂದು ನೇಮ ಮಾಡಿದ. ಹೊಸ ಕಲ್ಲು ಏರುವುದು ಅಮಾವಾಸ್ಯೆಗೆ ಮಾತ್ರ. ಅವತ್ತು ಅಂಗಡಿ ತೊಳೆದು, ಮಷಿನಿಗೆ ವಿಭೂತಿ ಬಳಿದು, ಕಾಯಿ ಒಡೆದು, ಪೂಜೆಯಾದ ಮೇಲೆ ಅಪ್ಪನೇ ಕೊಡತಿ ಹಿಡಿಯಬೇಕು, ಅಪ್ಪನೇ ಬಡಿಯಬೇಕು, ಅಪ್ಪನೇ ಕೇಳಬೇಕು. ಅವಸರ ಎನ್ನುವ ಶಬ್ದಕ್ಕೆ ಅಂಗಡಿಯಲ್ಲಿ ಜಾಗವಿರಬಾರದು ಎಂದು ಈ ಏರ್ಪಾಡು. ನಾನು ಮೂರು ನಾಲ್ಕು ವರ್ಷದವಳಿದ್ದಾಗಿನಿಂದ ಆರತಿ ತಟ್ಟೆ ಹಿಡಿದು ಅಪ್ಪನ ಎದುರು ನಿಂತಿದ್ದೇನೆ. ಕಲ್ಲು ಗಂಟೆಯಂತೆ ಕೂಗಿದರೆ ನನಗೆ ನಗು ಬರುತ್ತಿತ್ತು. ನಾನು ನಕ್ಕರೆ ಅಪ್ಪನೂ ನಗುತ್ತಿದ್ದ. ಅದರಲ್ಲಿ ಇನ್ನೇನೋ ಇದೆ ಎಂದು ಮೂವತ್ತು ದಾಟುವ ತನಕ ನನಗೆ ಹೊಳೆಯಲಿಲ್ಲ.

ಇಂಥ ಮನೆಯಲ್ಲಿ ಬೆಳೆದವಳು ಏನು ಓದಬೇಕೋ ಅದನ್ನೇ ಓದಿದೆ. ಮೆಕ್ಯಾನಿಕಲ್ ಮುಗಿಸಿ, ಹಾವೇರಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುತ್ತ, ಪಿಎಚ್‌ಡಿಗೆ ಹೆಸರು ಹಚ್ಚಿದೆ. ವಿಷಯ ಗ್ರೈಂಡಿಂಗ್ ಮಷಿನಿನ ನಡುಕ. ಅದು ಯಾವಾಗ ಹುಟ್ಟುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಮಾಡೆಲ್.

ಈ ನಡುಕ ಹೊರಗಿನಿಂದ ಬರುವುದಲ್ಲ. ಕಲ್ಲು ಶಾಫ್ಟನ್ನು ಹೆರೆಯುವಾಗ ಮೇಲ್ಮೈಯಲ್ಲಿ ಒಂದು ಅಲೆ ಬಿಡುತ್ತದೆ, ಬೆರಳಿಗೂ ಸಿಗದಷ್ಟು ಸಣ್ಣದು. ಶಾಫ್ಟ್ ಒಂದು ಸುತ್ತು ತಿರುಗಿ ಬಂದಾಗ ಕಲ್ಲು ತಾನೇ ಬಿಟ್ಟ ಅಲೆಯನ್ನು ಹತ್ತಿ ಇಳಿಯಬೇಕು. ಆ ಕುಲುಕಿಗೆ ಇನ್ನೊಂದು ಅಲೆ, ಮೊದಲಿನದಕ್ಕಿಂತ ಆಳ. ಮಣ್ಣು ರಸ್ತೆಯಲ್ಲಿ ಬಸ್ಸು ಓಡಾಡಿ ಓಡಾಡಿ ಏರುತಗ್ಗು ಬೀಳುವುದಿಲ್ಲವೇ, ಹಾಗೆಯೇ. ಮಷಿನಿನ ಮೈಯಲ್ಲಿ ಕುಲುಕನ್ನು ನುಂಗಿಕೊಳ್ಳುವ ಗುಣ ಸಾಕಷ್ಟಿದ್ದರೆ ಅಲೆ ಸಾಯುತ್ತದೆ. ಆ ಗುಣಕ್ಕೆ ಡ್ಯಾಂಪಿಂಗ್ ಎನ್ನುತ್ತೇವೆ. ಅದು ಸಾಲದಿದ್ದರೆ ಅಲೆ ಸುತ್ತಿನಿಂದ ಸುತ್ತಿಗೆ ಬೆಳೆಯುತ್ತ ಹೋಗುತ್ತದೆ. ಶಾಫ್ಟಿನ ತೂಕ, ಕಲ್ಲಿನ ವೇಗ, ಡ್ಯಾಂಪಿಂಗ್ ಇವನ್ನೆಲ್ಲ ಸಮೀಕರಣಕ್ಕೆ ಹಾಕಿದರೆ ಒಂದು ಗೆರೆ ಸಿಗುತ್ತದೆ. ಗೆರೆಯ ಕೆಳಗೆ ಕ್ಷೇಮ, ಮೇಲೆ ನಡುಕ.

ಅಪ್ಪನಿಗೆ ಇದನ್ನು ಹೇಳಿದಾಗ ಬೀಡಿ ತುಟಿಯಲ್ಲಿ ಇಟ್ಟುಕೊಂಡೇ ನಕ್ಕ. "ನಡುಕಕ್ಕ ಲೆಕ್ಕ ಯಾಕ ಬೇಕು ಯವ್ವಾ? ಕಿವಿ ಐತೆಲ್ಲ. ಶುರು ಆಗೂ ಮುಂದ ಸಣ್ಣಂಗ ಶಿಳ್ಳಿ ಹೊಡಿತೈತಿ. ಅದನ್ನ ಕೇಳಿದವನ ಮಿಸ್ತ್ರಿ."

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಹೊಸದೇನಲ್ಲ, ಸಹೋದ್ಯೋಗಿಗಳು ನನ್ನ ಬೆನ್ನ ಹಿಂದೆ ಖಾರದಪುಡಿ ಎನ್ನುತ್ತಾರೆ. ಆದರೆ ಸಿಟ್ಟಿನ ಕೆಳಗೆ ಹೆಮ್ಮೆಯೂ ಇತ್ತು. ನಲವತ್ತು ವರ್ಷ ಒಂದೇ ಮಷಿನಿನ ಎದುರು ನಿಂತ ಕಿವಿ ಅದು. ಬೇರೆ ಊರಿನ ಸಂಶೋಧಕರಿಗೆ ಎಲ್ಲಿ ಸಿಗಬೇಕು? ನನ್ನ ಗೈಡ್ ಕೂಡ ಅದನ್ನೇ ಹೇಳಿದರು. ಸೆನ್ಸರು ಎಷ್ಟು ಕುಲುಕಿತೆಂದು ಹೇಳುತ್ತದೆ, ಯಾವ ಕುಲುಕಿಗೆ ನಡುಕ ಎನ್ನಬೇಕೆಂದು ಹೇಳುವುದಿಲ್ಲ, ಅದನ್ನು ಅನುಭವಸ್ಥರು ಹೇಳಬೇಕು. ಹಾಗಾಗಿ ಅಪ್ಪನ ಕಿವಿಯನ್ನೇ ನನ್ನ ಮಾಡೆಲಿಗೆ ಸಾಕ್ಷಿಯಾಗಿ ನಿಲ್ಲಿಸಿದೆ.

ರಜೆ ಸಿಕ್ಕ ದಿನವೆಲ್ಲ ಪ್ರಯೋಗ. ಮಷಿನಿನ ಹೆಡ್ಡಿಗೆ ಸೆನ್ಸರು ಅಂಟಿಸಿ, ಓರೆಯಲ್ಲಿ ಒಂದು ಟೇಬಲ್ ಹಾಕಿಕೊಂಡು, ಅಪ್ಪನಿಗೆ ಎದುರಾಗಿ ಲ್ಯಾಪ್‌ಟಾಪ್ ಹಿಡಿದು ಕೂರುತ್ತಿದ್ದೆ. ಅಪ್ಪ ಸ್ವಲ್ಪ ಸ್ವಲ್ಪವೇ ಕಲ್ಲನ್ನು ಒಳಗೆ ಕೊಡುತ್ತ ಹೋಗಬೇಕು, ಶಿಳ್ಳೆ ಕೇಳಿದ ತಕ್ಷಣ ಎಡಗೈ ಎತ್ತಬೇಕು, ನಾನು ಗುರುತು ಹಾಕಿಕೊಳ್ಳಬೇಕು. ಕಾಲೇಜಿನವರ ಸುರಕ್ಷತೆಯ ಫಾರ್ಮಿಗೆ ಸಹಿ ಮಾಡಿದ್ದರಿಂದ ನನ್ನ ಕಿವಿಯ ಮೇಲೆ ದಪ್ಪನೆಯ ಇಯರ್‌ಮಫ್ ಇರುತ್ತಿತ್ತು. ಅಪ್ಪನಿಗೂ ಒಂದು ತಂದಿದ್ದೆ. "ಕಿವಿ ಮುಚಗೊಂಡ್ರ ಕಲ್ಲಿನ ಮಾತು ಹೆಂಗ ಕೇಳಬೇಕು?" ಎಂದು ಅದನ್ನು ಮೊಳೆಗೆ ನೇತುಹಾಕಿದ. ಅದು ಅಲ್ಲೇ ಧೂಳು ತಿನ್ನುತ್ತಿತ್ತು.

ಕಲ್ಲು ಎಷ್ಟು ಆಳ ಕಚ್ಚುತ್ತದೆ ಎಂಬುದರ ಅಳತೆ ಮೈಕ್ರಾನು, ಮಿಲಿಮೀಟರಿನ ಸಾವಿರದ ಒಂದು ಪಾಲು. ಮಾಡೆಲ್ ಹನ್ನೆರಡು ಮೈಕ್ರಾನಿಗೆ ನಡುಕ ಎಂದರೆ ಅಪ್ಪನ ಕೈ ಹದಿನೆಂಟಕ್ಕೆ ಏಳುತ್ತಿತ್ತು. ಶಾಫ್ಟ್ ಬದಲಿಸಿದೆ, ವೇಗ ಬದಲಿಸಿದೆ, ಪ್ರತಿ ಸಲವೂ ಅಪ್ಪ ಮಾಡೆಲಿಗಿಂತ ಹಿಂದೆ. ಸ್ಕ್ರೀನಿನಲ್ಲಿ ಹನ್ನೆರಡರ ಹತ್ತಿರವೇ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಏಳುತ್ತಿದ್ದದ್ದು ಖರೆ. ಕರೆಂಟಿನ ಗದ್ದಲವಿರಬೇಕೆಂದು ಅದನ್ನು ಬದಿಗೆ ಸರಿಸಿದೆ. ಎರಡು ತಿಂಗಳು ತಲೆ ಕೆಡಿಸಿಕೊಂಡು, ಕೊನೆಗೆ ಸಂಶೋಧಕರೆಲ್ಲ ಮಾಡುವ ಕೆಲಸ ಮಾಡಿದೆ. ಡ್ಯಾಂಪಿಂಗಿನ ಸಂಖ್ಯೆಯನ್ನು ಹೆಚ್ಚಿಸಿದೆ. ಗೆರೆ ಮೇಲೇರಿ ಅಪ್ಪನ ಕೈ ಏಳುವ ಜಾಗಕ್ಕೆ ಬಂದು ಕೂತಿತು. ಗೈಡಿಗೆ ಸಂತೋಷವಾಯಿತು, ನನಗೂ ಆಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ತರಗತಿಯಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ಹೇಳುತ್ತೇನೆ. ಅವತ್ತು ಅದು ನನಗೆ ನೆನಪಾಗಲಿಲ್ಲ.

ಮನೆಯಲ್ಲಿ ಸೂಚನೆಗಳು ಇರಲಿಲ್ಲವೇ? ಇದ್ದವು. ಟಿವಿಯ ದನಿ ಏರುತ್ತಲೇ ಇತ್ತು. ಕುಕ್ಕರಿನ ಸೀಟಿ ಎಷ್ಟಾದವು ಎಂದು ಅವ್ವ ಕೇಳಿದರೆ ಅಪ್ಪ "ಮೂರು" ಎನ್ನುತ್ತಿದ್ದ, ಯಾವತ್ತೂ ಮೂರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಎದುರು ನಿಂತು ಮಾತಾಡಿದರೆ ಪಟಪಟ ಉತ್ತರ. ವಯಸ್ಸಾಯಿತು, ಧ್ಯಾನ ಬೇರೆ ಕಡೆ ಇರುತ್ತದೆ ಎಂದುಕೊಂಡೆವು. ರೈಲು ಬಂದದ್ದು ಅವನಿಗೆ ನಮಗಿಂತ ಮೊದಲು ಗೊತ್ತಾಗುತ್ತಿತ್ತಲ್ಲ, ಕಿವಿಗೇನಾಗಿದೆ? ದಪ್ಪ ದನಿಗಳು ಕೊನೆಗೆ ಹೋಗುತ್ತವೆ, ಸಣ್ಣ ಶಿಳ್ಳೆಯಂಥವು ಮೊದಲು ಹೋಗುತ್ತವೆ ಎನ್ನುವುದು ಕಂಪನದ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಅಪ್ಪನಿಗೆ ಅದನ್ನು ಹಚ್ಚಿ ನೋಡಲು ಮನಸ್ಸು ಬಂದಿರಲಿಲ್ಲ.

ಆ ವರ್ಷ ಮೆಣಸಿನಕಾಯಿ ಸೀಜನ್ನಿನಲ್ಲಿ ಬ್ಯಾಡಗಿಯಿಂದ ಗಿರಣಿಯವರೊಬ್ಬರು ಟಂಟಂ ಗಾಡಿಯಲ್ಲಿ ಒಂದು ಶಾಫ್ಟ್ ಹೇರಿಕೊಂಡು ಬಂದರು. ಖಾರ ಪುಡಿ ಮಾಡುವ ಮಷಿನಿನ ಶಾಫ್ಟ್, ಮನುಷ್ಯನಷ್ಟು ಉದ್ದ. ಅಪ್ಪನಿಗಿಂತ ಎರಡು ವರ್ಷ ದೊಡ್ಡವರು, ಹಳೆಯ ಗಿರಾಕಿ, ನಾನು ಚಿಕ್ಕಂದಿನಿಂದ ಅವರಿಗೆ ಚಾಚಾ ಎನ್ನುತ್ತೇನೆ. ಅವರು ಅಂಗಡಿಯ ಒಳಗೆ ಕಾಲಿಟ್ಟರೆ ಅವರ ಬಟ್ಟೆಯ ಘಾಟಿಗೇ ನಾವೆಲ್ಲ ಸೀನಬೇಕು. ಅವರಿಗೆ ಅದು ಮೂಗಿಗೆ ಹತ್ತುವುದೇ ಇಲ್ಲ.

"ಮಿಸ್ತ್ರಿ, ಗಿರಣಿ ಬಂದ್ ಆಗಿ ನಾಕ ದಿನ ಆತು. ಮಾರ್ಕೆಟ್ಟಿನ್ಯಾಗ ಚೀಲ ಇಡಾಕ ಜಾಗ ಇಲ್ಲ. ಲಗೂ ಮಾಡಿಕೊಡು," ಎಂದರು.

"ಕಲ್ಲು ಸವದೈತ್ರಿ. ನಾಳೆ ಅಮಾಸಿ. ಹೊಸಾದು ಏರಿಸಿ ನಾಡದ ಹಿಡಿತೇನಿ," ಅಂದ ಅಪ್ಪ.

"ಒಂದ ದಿನ ಮುಂಚೆ ಆದ್ರ ಆಗೂದಿಲ್ಲೇನು?"

ಅಪ್ಪ ಮೇಲಿನ ತೇಪೆ ನೋಡಿದ. ಚಾಚಾ ಕೂಡ ನೋಡಿದರು. ದೊಡ್ಡಪ್ಪನ ಮಣ್ಣಿಗೆ ಬಂದವರು ಅವರು. ಆಮೇಲೆ ಅವಸರ ಮಾಡಲಿಲ್ಲ.

ಅಮಾವಾಸ್ಯೆಯ ದಿನ, ಮರುದಿನಕ್ಕೂ ಸೇರಿಸಿ, ನಾನು ಕಾಲೇಜಿಗೆ ರಜೆ ಹಾಕಿದ್ದೆ. ಅವ್ವ ಅಂಗಡಿಗೆ ನೀರು ಹಾಕಿ ತೊಳೆದಳು. ಹೊಸ ಕಲ್ಲನ್ನು ಮಣೆಯ ಮೇಲೆ ಇಟ್ಟು ಪೂಜೆ ಮಾಡಿ, ಕಾಯಿ ಒಡೆದ ನೀರನ್ನು ಅಪ್ಪ ಎಂದಿನಂತೆ ಅದರ ಮೇಲೆ ಚಿಮುಕಿಸಿದ. ಆ ಸಲ ಕಾಯಲ್ಲಿ ನೀರು ಜಾಸ್ತಿ ಇತ್ತು, ಕಲ್ಲಿನ ಒಂದು ಬದಿ ತೋಯ್ದು ಕಪ್ಪಾಯಿತು. ಸರಳಿಗೆ ನೇತುಹಾಕಿದ. ನಾನು ಆರತಿ ತಟ್ಟೆ ಹಿಡಿದು ಎದುರಿಗೆ ನಿಂತೆ. ಚಾಚಾ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದರು. ಅಪ್ಪ ಕೊಡತಿ ಎತ್ತಿ ತಟ್ಟಿದ.

ದನಿ ಮಂದವಾಗಿತ್ತು.

ತೀರ ಬದ್ ಎನ್ನಲಿಲ್ಲ, ಗಂಟೆಯೂ ಆಗಲಿಲ್ಲ. ಸೀಳಿದೆಯೇ ಎಂದುಕೊಂಡೆ. ಮರುಕ್ಷಣವೇ ಬುದ್ಧಿ ತನ್ನ ವಕೀಲಿ ಶುರು ಮಾಡಿತು. ಕಲ್ಲು ತೋಯ್ದಿದೆ. ತೋಯ್ದ ಕಲ್ಲು ಮಂದವಾಗಿಯೇ ನುಡಿಯುತ್ತದೆ, ಪುಸ್ತಕದಲ್ಲಿದೆ. ಅಲ್ಲದೆ ಬಡಿದವನು ಯಾರು? ನಲವತ್ತು ವರ್ಷದ ಕಿವಿ. ಅವನಿಗೆ ಸರಿ ಕೇಳಿದ್ದರೆ ನಾನು ಯಾವ ಊರ ದಾಸಯ್ಯ? ಅಪ್ಪ ನನ್ನನ್ನೇ ನೋಡುತ್ತಿದ್ದ. ಪೂಜೆಯ ಹೊತ್ತು, ಎದುರಿಗೆ ಗಿರಾಕಿ. ನಾನು ನಕ್ಕೆ.

ಅಪ್ಪನೂ ನಕ್ಕ. "ಗಂಟಿ ಆದಂಗ ಆತು," ಎಂದು ಚಾಚಾನ ಕಡೆ ತಿರುಗಿ ಹೇಳಿದ. ಕಲ್ಲನ್ನು ಮಷಿನಿಗೆ ಏರಿಸಿದ. ಯಾರೂ ಎದುರು ನಿಲ್ಲದಂತೆ ನಮ್ಮನ್ನೆಲ್ಲ ಹೊರಗೆ ಕಳಿಸಿ, ಗಡಿಯಾರ ನೋಡಿಕೊಂಡು ಸ್ವಲ್ಪ ಹೊತ್ತು ಬರಿದೇ ತಿರುಗಿಸಿದ. ಕಲ್ಲು ಗೌರವದಿಂದ ತಿರುಗಿತು. ಆ ರಾತ್ರಿ ರೊಟ್ಟಿ ಸೇರಲಿಲ್ಲ, ಕಾರಣ ಗೊತ್ತಿಲ್ಲದವಳಂತೆ ಮಲಗಿದೆ.

ಮರುದಿನ ಹತ್ತು ಗಂಟೆಗೆ ಕೆಲಸ ಹಿಡಿದೆವು. ಉದ್ದ ಶಾಫ್ಟ್ ಎಂದರೆ ನಡುಕಕ್ಕೆ ತವರುಮನೆ. ಎಷ್ಟು ಮೈಕ್ರಾನಿನ ತನಕ ಕೊಡಬಹುದು ಎಂದು ಅಪ್ಪ ಚೇಷ್ಟೆಗೆ ನನ್ನನ್ನು ಕೇಳಿದ, ನಾನು ತಿದ್ದಿದ ಗೆರೆ ನೋಡಿ ಗಂಭೀರವಾಗಿ ಹದಿನಾರು ಎಂದೆ. ತಿದ್ದುವ ಮುಂಚಿನ ಗೆರೆ ಹನ್ನೊಂದು ಎನ್ನುತ್ತಿತ್ತು. ಅದನ್ನು ನಾನು ಅಳಿಸಿರಲಿಲ್ಲ, ಸ್ಕ್ರೀನಿನ ಮೂಲೆಯಲ್ಲಿ ಬೂದು ಬಣ್ಣದಲ್ಲಿ ಇತ್ತು.

ಅಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ಹಿಡಿಕೆಯ ಮುಂದೆ ನಿಂತ. ಕಲ್ಲು ಅವನ ಎದೆಯ ಮಟ್ಟಕ್ಕೆ ತಿರುಗುತ್ತಿತ್ತು. ಮೇಲೆ ಕವಚವಿದೆ, ಆದರೆ ಕೆಲಸ ನಡೆಯುವ ಕಡೆ ಅದು ತೆರೆದೇ ಇರಬೇಕು. ಸ್ವಿಚ್ ಅವನ ಬಲಗೈ ಹತ್ತಿರ. ಮೇನ್ ಬೋರ್ಡು ಅವನ ಹಿಂದಿನ ಗೋಡೆಯಲ್ಲಿ. ನಾನು ಅಲ್ಲಿಗೆ ಹೋಗಬೇಕಾದರೆ ಕಲ್ಲಿನ ಎದುರೇ ದಾಟಬೇಕು.

ಶಾಫ್ಟಿನ ಉದ್ದಕ್ಕೂ ಒಂದು ಕಾಲುವೆ ಕೊರೆದಿತ್ತು, ಅದರ ಸಂದಿಯಲ್ಲಿ ವರ್ಷಗಟ್ಟಲೆಯ ಖಾರ ಗಟ್ಟಿಯಾಗಿ ಕೂತಿತ್ತು. ಒರೆಸಿದ್ದರೂ ಪೂರ್ತಿ ಹೋಗಿರಲಿಲ್ಲ. ಕಲ್ಲು ಕಾಲುವೆಯ ಹತ್ತಿರ ಬಂದದ್ದೇ ತಡ, ತಣ್ಣೀರಿನ ತುಂತುರಿನ ಜೊತೆ ಖಾರವೂ ಹಾರಿತು. ಬ್ಯಾಡಗಿ ಕಾಯಿ ಬಣ್ಣಕ್ಕಷ್ಟೇ ಎನ್ನುವವರು ಒಮ್ಮೆ ಅದನ್ನು ಹೀಗೆ ಉಸಿರಿಗೆ ಎಳೆದುಕೊಳ್ಳಬೇಕು. ನನ್ನ ಗಂಟಲು ಕಟ್ಟಿತು, ಕಣ್ಣು ಕಿವುಚಿದವು, ಮುಖ ಹಿಂಡಿದ ನಿಂಬೆಹಣ್ಣಾಯಿತು.

ಅಪ್ಪ ತಟ್ಟನೆ ಕಲ್ಲನ್ನು ಹಿಂದಕ್ಕೆ ಎಳೆದ. ಎಡಗೈ ಎತ್ತಿದ. ನಡುಕ ಬಂತು, ಎಂದು ಸನ್ನೆ ಮಾಡಿದ.

ನಾನು ಸ್ಕ್ರೀನು ನೋಡಿದೆ. ಕಲ್ಲು ಶಾಫ್ಟಿಗೆ ತಾಗಿದ್ದು ನಾಲ್ಕೇ ಮೈಕ್ರಾನು. ಸೆನ್ಸರಿನ ಗೆರೆ ನೀರಿನಂತೆ ಚಪ್ಪಟೆ. ನಡುಕ ಬಿಡಿ, ನಡುಕದ ನೆರಳೂ ಇರಲಿಲ್ಲ. ಕೆಮ್ಮಿನ ನಡುವೆ ನನಗೆ ನಗು ಬಂತು. "ಘಾಟು ಅಪ್ಪಾ, ಘಾಟು!" ಎಂದು ಕೂಗಿದೆ. ಅಪ್ಪನಿಗೆ ಮಾತು ಕೇಳಲಿಲ್ಲ. ನಗು ಕಂಡಿತು. ತಲೆಯಾಡಿಸಿ ಕಲ್ಲನ್ನು ಮತ್ತೆ ಒಳಗೆ ಕೊಟ್ಟ.

ಆಗ ನನಗೆ ತಿಳಿಯಿತು. ಒಂದೇ ಸಲಕ್ಕೆ ತಿಳಿಯಿತು ಎನ್ನಲಾರೆ, ಮೆಟ್ಟಿಲು ಮೆಟ್ಟಿಲಾಗಿ ತಿಳಿಯಿತು. ಅಪ್ಪ ಕಲ್ಲಿನ ಮಾತು ಕೇಳುತ್ತಿಲ್ಲ, ನನ್ನ ಮುಖ ನೋಡುತ್ತಿದ್ದಾನೆ. ನಾನು ಮುಖ ಕಿವುಚಿದರೆ ನಡುಕ, ನಕ್ಕರೆ ಕ್ಷೇಮ. ಆರು ತಿಂಗಳ ಪ್ರಯೋಗದಲ್ಲಿ ಕೈ ಎತ್ತಿದ್ದೆಲ್ಲ ಹೀಗೆಯೇ. ಇಯರ್‌ಮಫ್ ಹಾಕಿಕೊಂಡ ನನಗೆ ದನಿ ತಡವಾಗಿ ಮುಟ್ಟುತ್ತಿತ್ತು, ಮುಟ್ಟಿದಾಗ ನನಗೇ ಗೊತ್ತಿಲ್ಲದೆ ಹುಬ್ಬು ಗಂಟಾಗುತ್ತಿತ್ತು, ಅದನ್ನು ನೋಡಿ ಅಪ್ಪ ಕೈ ಎತ್ತುತ್ತಿದ್ದ. ನಲವತ್ತು ವರ್ಷದ ಕಿವಿ ಎಂದು ನಾನು ನಂಬಿ ಮಾಡೆಲನ್ನು ತಿದ್ದಿದ್ದು ನನ್ನದೇ ಮುಚ್ಚಿದ ಕಿವಿಗೆ. ಹಾಗಾದರೆ ಹಳೆಯ ಗೆರೆಯೇ ಸರಿ. ಹಾಗಾದರೆ ನಿನ್ನೆ ಕಲ್ಲು ಬಡಿದಾಗ…

ನಿನ್ನೆ ನಾನು ನಕ್ಕಿದ್ದೆ.

ಇಯರ್‌ಮಫ್ ಕಿತ್ತು ಎಸೆದೆ. ಸ್ಕ್ರೀನಿನಲ್ಲಿ ಅಂಕಿ ಒಂಬತ್ತಾಗಿತ್ತು, ಹತ್ತಾಯಿತು. ಹದಿನಾರರ ತನಕ ದಾರಿ ಸಾಫಿದೆ ಎಂದು ನಾನೇ ಹೇಳಿದ್ದೆನಲ್ಲ, ಅಪ್ಪ ನಿಶ್ಚಿಂತೆಯಿಂದ ಹಿಡಿಕೆ ತಿರುಗಿಸುತ್ತಿದ್ದ. ಬೂದು ಗೆರೆಯ ಹತ್ತಿರ ಆ ಉಬ್ಬು ಎದ್ದಿತು. ಬರಿಗಿವಿಗೆ ಅದು ಸ್ಪಷ್ಟ ಕೇಳಿತು, ಹಲ್ಲಿನ ಬೇರಿಗೆ ತಾಗುವಂಥ ಸಣ್ಣ ಶಿಳ್ಳೆ. ಗಟ್ಟಿ ಕಲ್ಲಿಗೆ ನಡುಕ ಬಂದರೆ ಶಾಫ್ಟಿನ ಮೇಲೆ ಗೀರು ಬೀಳುತ್ತವೆ, ಅಷ್ಟೇ. ಸೀಳಿದ ಕಲ್ಲಿಗೆ ನಡುಕ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಚಾವಣಿಯಲ್ಲಿ ತೇಪೆ ಇದೆ. ಅಪ್ಪ ಕಿಡಿ ನೋಡಲು ಮುಂದಕ್ಕೆ ಬಾಗಿದ.

"ಅಪ್ಪಾ!" ಎಂದು ಚೀರಿದೆ. ಬಾಗಿಲಲ್ಲಿದ್ದ ಚಾಚಾ ಎದ್ದು ನಿಂತರು. ಅಪ್ಪನಿಗೆ ಕೇಳಲಿಲ್ಲ. ಎದ್ದು ಓಡಿದರೆ ಕಲ್ಲಿನ ಎದುರು ದಾಟಬೇಕು, ನನ್ನನ್ನು ಕಂಡು ಅಪ್ಪ ಗಾಬರಿಯಲ್ಲಿ ಹಿಡಿಕೆಯನ್ನು ಯಾವ ಕಡೆ ತಿರುಗಿಸುತ್ತಾನೋ ಗೊತ್ತಿಲ್ಲ. ನನ್ನ ಕೈಯಲ್ಲಿ ಒಂದೇ ಒಂದು ಉಪಾಯ ಉಳಿದಿತ್ತು. ಅವನು ಕಣ್ಣೆತ್ತುವುದನ್ನು ಕಾದೆ. ಎರಡು ಉಸಿರಿನ ಹೊತ್ತು ಇರಬೇಕು. ಅವನು ರೂಢಿಯಂತೆ ನನ್ನ ಕಡೆ ನೋಡಿದಾಗ ಮುಖವನ್ನು ಎಷ್ಟು ಸಾಧ್ಯವೋ ಅಷ್ಟು ಕಿವುಚಿದೆ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಸಣ್ಣ ಮಗು ಕಷಾಯ ಕುಡಿದಂತೆ. ಜೀವಮಾನದಲ್ಲಿ ಅಂಥ ಮುಖ ಮಾಡಿಲ್ಲ. ಕಣ್ಣು ತೆರೆಯಲು ಧೈರ್ಯವಾಗಲಿಲ್ಲ.

ಶಿಳ್ಳೆ ನಿಂತಿತು. ಕಣ್ಣು ತೆರೆದಾಗ ಅಪ್ಪ ಕಲ್ಲನ್ನು ಹಿಂದಕ್ಕೆ ಎಳೆದು ಎಡಗೈ ಎತ್ತಿ ನಿಂತಿದ್ದ. ನಾನು ಎರಡೂ ಕೈಯಲ್ಲಿ ಸ್ವಿಚ್ ಆರಿಸು ಎಂದು ಸನ್ನೆ ಮಾಡಿದೆ, ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದೆ. ಆರಿಸಿದ, ಸರಿದ. ಆದರೆ ದೊಡ್ಡ ಕಲ್ಲು ಸ್ವಿಚ್ ಆರಿಸಿದ ಕೂಡಲೇ ನಿಲ್ಲುವುದಿಲ್ಲ. ತನ್ನ ತೂಕಕ್ಕೆ ತಾನೇ ತಿರುಗುತ್ತಿರುತ್ತದೆ. ಅದು ನಿಲ್ಲುವ ತನಕ ನಾವು ಮೂವರೂ ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಚಾಚಾ ತುಟಿಯಲ್ಲೇ ದುವಾ ಹೇಳುತ್ತಿದ್ದರು. ಅಷ್ಟು ಉದ್ದದ ಹೊತ್ತನ್ನು ನಾನು ಇನ್ನೆಂದೂ ಕಂಡಿಲ್ಲ.

ಕಲ್ಲನ್ನು ಇಳಿಸಿ ಅಂಗಳದ ಬಿಸಿಲಿಗೆ ಇಟ್ಟೆವು. ತೋಯ್ದ ಕಲ್ಲಿನ ದನಿಗೆ ನೆವ ಸಿಗುತ್ತದೆ, ಒಣಗಿದ ಮೇಲೆ ಬಡಿಯೋಣ ಎಂದೆ. ಬಡಿಯುವ ಪ್ರಸಂಗವೇ ಬರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೇಲ್ಮೈಯೆಲ್ಲ ಒಣಗಿ ಬೆಳ್ಳಗಾದ ಮೇಲೂ ಒಂದು ಕಪ್ಪು ಗೆರೆ ಉಳಿಯಿತು. ನಡುವಿನ ತೂತಿನಿಂದ ಹೊರಟು ಅಂಚಿಗೆ ಎರಡು ಬೆರಳು ಉಳಿದಿರುವ ತನಕ ಬಂದಿತ್ತು. ಸೀಳಿನೊಳಗೆ ಇಳಿದ ನೀರು ಬೇಗ ಆರುವುದಿಲ್ಲ. ಚಾಚಾ ಅದನ್ನು ನೋಡಿ ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ನನ್ನ ಶಾಫ್ಟಿನ ಸಲುವಾಗಿ ಏನಾಗಿಬಿಡತಿತ್ತು ಬೇಟಾ," ಎಂದರು. ಶಾಫ್ಟನ್ನು ಅಲ್ಲೇ ಬಿಟ್ಟು ಬ್ಯಾಡಗಿಯ ಬಸ್ಸು ಹಿಡಿದರು.

ಅಪ್ಪ ಮಣೆಯ ಮೇಲೆ ಕೂತಿದ್ದ. ನಾನು ಅವನ ಎದುರಿಗೆ, ಬಾಯಿ ಕಾಣುವಂತೆ ಕೂತೆ.

"ಯಾವಾಗಿಂದ ಕೇಳಸೂದಿಲ್ಲ?"

"ನೀ ಹೈಸ್ಕೂಲಿಗೆ ಹೋಗೂಮುಂದ ಶುರು ಆತು," ಎಂದ. ಸುಳ್ಳು ಹೇಳುವ ಆಟ ಮುಗಿದ ಮೇಲೆ ಅವನ ಮುಖ ಹಗುರವಾಗಿತ್ತು, ಅದು ನನಗೆ ಸಿಟ್ಟು ತರಿಸಿತು. "ಶಿಳ್ಳಿ ಮೊದಲ ಹೋತು. ಆಮ್ಯಾಲ ಕಲ್ಲಿನ ಗಂಟಿ. ನೀ ಎದುರ ನಿಂತಿರತಿದ್ದೆಲ್ಲ, ನಿನ್ನ ಮಾರಿ ನೋಡತಿದ್ದೆ. ನಿನ್ನ ಮಾರಿ ಯಾವಾಗೂ ಸುಳ್ಳ ಹೇಳಿಲ್ಲ."

ನಿನ್ನೆ ಹೇಳಿತ್ತು.

"ಹೇಳಬೇಕಿತ್ತಿಲ್ಲೋ ಅಪ್ಪಾ!"

"ಯಾರಿಗೆ ಹೇಳ್ಲಿ? ಕಿವಿ ಇಲ್ಲದ ಮಿಸ್ತ್ರಿ ಕಡೆ ಶಾಫ್ಟ್ ಯಾರ ತರತಾರ? ಮತ್ತ ನಮ್ಮ ಅಣ್ಣನ ಹೆಣದ ಮುಂದ ಆಣಿ ಮಾಡೇನಿ, ಕಲ್ಲು ನಾನ ಬಡಿತೇನಿ ಅಂತ."

ಆಗ ನನಗೆ ಹೊಳೆದ ಪ್ರಶ್ನೆ ಅದಕ್ಕಿಂತ ಭಯಂಕರವಾಗಿತ್ತು. ನಾನು ಡಿಗ್ರಿಗೆ, ಆಮೇಲೆ ಎಂ.ಟೆಕ್‌ಗೆ ಎಂದು ಆರು ವರ್ಷ ಹಾಸ್ಟೆಲಿನಲ್ಲಿದ್ದೆ. ಆ ಆರು ವರ್ಷದ ಅಮಾವಾಸ್ಯೆಗಳು? "ನಾ ಇಲ್ಲದಾಗ ಯಾರ ಮಾರಿ ನೋಡತಿದ್ದಿ?"

"ನಿಮ್ಮವ್ವಂದು."

ಅವ್ವ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಲೋಟ ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೆಲ್ಲಗೆ ನನಗೆ ಮಾತ್ರ ಕೇಳುವಂತೆ ಹೇಳಿದಳು.

"ನನಗ ಕಲ್ಲಿನ ದನಿ ಏನ್ ತಿಳಿತೈತಿ ಯವ್ವಾ? ಅವರು ನಗತಿದ್ರು, ನಾನೂ ನಗತಿದ್ದೆ. ನಾ ಅವರ ಮಾರಿ ನೋಡತಿದ್ದೆ."

ಆರು ವರ್ಷ. ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಏರಿಸಿದ ಕಲ್ಲುಗಳು. ಒಂದೂ ಒಡೆಯಲಿಲ್ಲ ಎನ್ನುವುದನ್ನು ದೇವರ ದಯೆ ಎನ್ನುವವರು ಎನ್ನಲಿ. ಆ ವರ್ಷಗಳಲ್ಲಿ ಹೆರೆದ ಶಾಫ್ಟುಗಳು ಬ್ಯಾಡಗಿಯ ಗಿರಣಿಗಳಲ್ಲಿ, ಗಳಗನಾಥದ ಕಡೆ ಹೊಳೆ ದಂಡೆಯ ಪಂಪುಗಳಲ್ಲಿ ಇನ್ನೂ ತಿರುಗುತ್ತಿವೆ, ಕಣ್ಣಿಗೆ ಕಾಣದ ಗೀರು ಹೊತ್ತುಕೊಂಡು.

ಡ್ಯಾಂಪಿಂಗನ್ನು ಹಳೆಯ ಸಂಖ್ಯೆಗೆ ಇಳಿಸಿದೆ. ಮಾಡೆಲ್ ಮೊದಲೇ ಸರಿ ಇತ್ತು, ನಾನು ಕೆಡಿಸಿದ್ದೆ ಎಂದು ಗೈಡಿಗೆ ಬರೆದೆ. ಕಾರಣ ಕೇಳಿದರು. ಸಾಕ್ಷಿ ಹೇಳಿದವರ ಆರೋಗ್ಯ ಸರಿ ಇರಲಿಲ್ಲ ಎಂದಷ್ಟೇ ಹೇಳಿದೆ.

ಅಪ್ಪನನ್ನು ಹಾವೇರಿಗೆ ಕಿವಿ ತೋರಿಸಲು ಕರೆದುಕೊಂಡು ಹೋಗಲು ಇನ್ನೊಂದು ತಿಂಗಳು ಹಿಡಿಯಿತು. ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ದನಿ ಕೇಳಿದಾಗ ಕೈ ಎತ್ತಲು ಹೇಳಿದರು. ಅಪ್ಪನ ಅಭ್ಯಾಸ ಹೋಗಬೇಕಲ್ಲ, ಗಾಜಿನಾಚೆ ಇದ್ದ ನನ್ನನ್ನೇ ನೋಡತೊಡಗಿದ. ಪರೀಕ್ಷೆ ಮಾಡುವ ಹುಡುಗಿ ನನಗೆ ಆಚೆ ತಿರುಗಿ ನಿಲ್ಲಲು ಹೇಳಿದಳು. ತಿರುಗಿ ನಿಂತು ಗೋಡೆ ನೋಡಿದೆ. ಬಹಳ ಹೊತ್ತು ಹುಡುಗಿಯ ಪೆನ್ನು ಕಾಗದಕ್ಕೆ ತಾಗಿದ ಸದ್ದೇ ಆಗಲಿಲ್ಲ.

ಕಾಗದದ ಮೇಲೆ ಅಪ್ಪನ ಗೆರೆ ಎಡದಿಂದ ಚಲೋ ಹೊರಟು, ಸಣ್ಣ ದನಿಗಳ ಕಡೆ ಬಂದಂತೆ ಬಾವಿಗೆ ಬಿದ್ದಂತೆ ಬಿದ್ದಿತ್ತು. ನಾನು ಸುಮ್ಮನೆ ಕುತೂಹಲಕ್ಕೆ, ನನ್ನದೂ ನೋಡಿಬಿಡಿ ಎಂದೆ. ಆ ಅಂಗಡಿಯಲ್ಲಿ ಹುಟ್ಟಿ ಬೆಳೆದವಳಲ್ಲವೇ, ಒಂದು ಕಾಗದ ಇರಲಿ.

ಹುಡುಗಿ ನನ್ನ ಕಾಗದವನ್ನು ಅಪ್ಪನ ಕಾಗದದ ಪಕ್ಕ ಇಟ್ಟಳು. ನನ್ನ ಗೆರೆ ಮೇಲೆಯೇ ಇತ್ತು, ಆದರೆ ಒಂದು ಕಡೆ ಸಣ್ಣಗೆ ತಗ್ಗಿತ್ತು. ಅಪ್ಪನ ಗೆರೆ ಬೀಳಲು ಶುರುವಾಗುವ ಅದೇ ಜಾಗದಲ್ಲಿ. "ಈಗೇನ್ ತ್ರಾಸ ಅನಸೂದಿಲ್ರಿ ಮೇಡಂ," ಎಂದಳು. "ಆದ್ರ ಆ ಮಷಿನಿನ ಹತ್ರ ಇನ್ನ ನಿಲ್ಲಬ್ಯಾಡ್ರಿ. ಹೋಗಿದ್ದು ತಿರುಗಿ ಬರೂದಿಲ್ಲ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪ ನನ್ನ ಕೈಯಲ್ಲಿದ್ದ ಎರಡು ಕಾಗದ ಕಂಡ.

"ನಿಂದು ಹೆಂಗ ಬಂತು?" ಎಂದು ಕೇಳಿ, ಬಾಯಿ ನೋಡಲಿಲ್ಲ, ನೆಟ್ಟಗೆ ನನ್ನ ಮುಖ ನೋಡಿದ.

ನಾನು ನಕ್ಕೆ.

ಅಪ್ಪನೂ ನಕ್ಕ. ಎಷ್ಟೋ ವರ್ಷಗಳ ಭಾರ ಇಳಿಸಿದವನಂತೆ ಮೊಣಕಾಲಿನ ಮೇಲೆ ಕೈ ಊರಿ ಎದ್ದು ನಿಂತ. "ಹಂಗಾದ್ರ ಮುಂದಿನ ಅಮಾಸಿಗೆ ಕೊಡತಿ ನೀನ ಹಿಡಿ ಯವ್ವಾ," ಎಂದ. "ಕಲ್ಲು ನೀನ ಬಡಿ. ನಾ ನಿಶ್ಚಿಂತಿಲೆ ಮಷಿನಿನ ಮುಂದ ನಿಲ್ಲತೇನಿ."